ಚುಕ್ಕಿ ರಾಯರು

ನಿವೃತ್ತಿವೇತನವು ಕೈಸೇರಿದ ಮೊದಲನೆಯ ತಿಂಗಳಿನಲ್ಲಿ ಮನುಷ್ಯನನ್ನು ಯಾವ ಗ್ರಹ ಹಿಡಿಯುವುದೆಂಬುದನ್ನು ಜ್ಯೋತಿಷಿಗಳೂ ಹೇಳಲಾರರು. ಮೈಸೂರಿನ ನಮ್ಮ ಬಡಾವಣೆಯೊಂದರಲ್ಲಿಯೇ ಒಬ್ಬ ಮಹನೀಯರು ಹೋಮಿಯೋಪತಿಯ ಪುಟ್ಟ ಸೀಸೆಗಳನ್ನು ಜೇಬಿನಲ್ಲಿಟ್ಟುಕೊಂಡು ನೆರೆಹೊರೆಯವರ ನೆಗಡಿಗಳನ್ನು ಅರಸುತ್ತ ಹೊರಟರು. ಮತ್ತೊಬ್ಬರು ವಂಶವೃಕ್ಷವನ್ನು ಬರೆಯತೊಡಗಿ, ನಾಲ್ಕನೆಯ ತಲೆಮಾರನ್ನು ಮುಟ್ಟುವಷ್ಟರಲ್ಲಿ ಎಂದೋ ತಣ್ಣಗಾಗಿದ್ದ ದಾಯಾದಿ ಜಗಳವನ್ನು ಎಬ್ಬಿಸಿ ಕೈತೊಳೆದುಕೊಂಡರು. ನಮ್ಮ ಪಕ್ಕದ ಮನೆಯ ರಾಯರು ಇವೆರಡೂ ಹಾದಿಗಳನ್ನು ತೊರೆದು ಕ್ಯಾಮೆರಾ ಕೊಂಡರು. ಕೊಂಡವರು ಮೊಮ್ಮಗನ ಚಿತ್ರವನ್ನೋ ಚಾಮುಂಡಿಬೆಟ್ಟದ ಚಿತ್ರವನ್ನೋ ತೆಗೆದು ಸುಮ್ಮನಿರದೆ, ವನ್ಯಮೃಗಗಳ ಬೆನ್ನು ಹತ್ತಿದರು.

ಬೆನ್ನು ಹತ್ತಿದರೆಂದು ಬರೆದೆನಾದರೂ ರಾಯರಿಗೆ ಮೃಗದ ಬೆನ್ನು ಬೇಕಾಗಿರಲಿಲ್ಲ. ಅದರ ಮೈ, ಬಾಲ, ಕೋಡು, ಕೇಸರ ಇವಾವುವೂ ಬೇಕಾಗಿರಲಿಲ್ಲ. ಅವರಿಗೆ ಬೇಕಾಗಿದ್ದುದು ಸಾಸಿವೆ ಕಾಳಿಗಿಂತಲೂ ಸಣ್ಣದಾದ, ಮೃಗದ ಕಣ್ಣಿನಲ್ಲಿ ಮಿನುಗುವ ಒಂದು ಬಿಳಿಯ ಚುಕ್ಕಿ. ಆ ವಿದ್ಯೆಯವರು ಅದನ್ನು ಕ್ಯಾಚ್‌ಲೈಟ್ ಎನ್ನುತ್ತಾರೆ. ಅದಿದ್ದರೆ ಮೃಗಕ್ಕೆ ಜೀವ. ಇಲ್ಲದಿದ್ದರೆ ಹೊಟ್ಟೆಯಲ್ಲಿ ಹುಲ್ಲು ತುಂಬಿ ಗಾಜಿನ ಪೆಟ್ಟಿಗೆಯಲ್ಲಿ ನಿಲ್ಲಿಸಿದ ಪ್ರಾಣಿಯೂ ಅದೂ ಒಂದೇ ಎಂಬುದು ರಾಯರ ಸಿದ್ಧಾಂತ. ಬಡಾವಣೆಯವರು ಅವರ ಜನ್ಮನಾಮವನ್ನು ಕ್ರಮೇಣ ಮರೆತು ಚುಕ್ಕಿ ರಾಯರೆಂದೇ ಕರೆಯತೊಡಗಿದುದರಲ್ಲಿ ಅನ್ಯಾಯವೇನೂ ಇರಲಿಲ್ಲ.

ಈ ಚುಕ್ಕಿಯ ವ್ಯಾಮೋಹಕ್ಕೆ ಪೂರ್ವಜನ್ಮದ ಸಂಸ್ಕಾರವನ್ನು ಹುಡುಕಬೇಕಾಗಿಲ್ಲ. ಈ ಜನ್ಮದ ಉದ್ಯೋಗವೇ ಸಾಕು. ರಾಯರು ಮೂವತ್ತೈದು ವರ್ಷಗಳ ಕಾಲ ಬ್ಯಾಂಕಿನಲ್ಲಿ ಸಹಿಗಳನ್ನು ತಾಳೆ ನೋಡಿದವರು. ಸಹಿಯ ಕೆಳಗೆ ವಾಡಿಕೆಯಂತೆ ಬೀಳಬೇಕಾಗಿದ್ದ ಎರಡು ಚುಕ್ಕಿಗಳಲ್ಲಿ ಒಂದು ಕಾಣಲಿಲ್ಲವೆಂಬ ಕಾರಣಕ್ಕೆ ಸ್ವಂತ ಮಾವನವರ ಚೆಕ್ಕನ್ನೇ ಹಿಂದಿರುಗಿಸಿ, ಆ ವರ್ಷದ ದೀಪಾವಳಿಗೆ ಅಳಿಯತನದ ಮರ್ಯಾದೆಯನ್ನು ಕಳೆದುಕೊಂಡವರೆಂದು ಪ್ರತೀತಿಯುಂಟು. ಅಂಥವರು ಕಾಡಿಗೆ ಹೋದ ಮಾತ್ರಕ್ಕೆ ಬದಲಾಗುವರೇ? ಅಲ್ಲಿಯೂ ಚುಕ್ಕಿಯಿಲ್ಲದ ಹುಲಿಯನ್ನು ಹಿಂದಿರುಗಿಸುತ್ತಿದ್ದರು.

ಅವರ ಪರಿಕರಗಳ ವಿಷಯವನ್ನು ಸಂಕ್ಷೇಪವಾಗಿ ಹೇಳುತ್ತೇನೆ. 600 ಮಿಲಿಮೀಟರಿನ ಲೆನ್ಸನ್ನು ಅವರು ತೋಳಿನಲ್ಲಿ ಎತ್ತಿಕೊಂಡು ಬರುವ ರೀತಿಯನ್ನು ಕಂಡ ನಮ್ಮ ಮನೆಯ ಕೆಲಸದಾಕೆ, ಮೊದಲ ದಿನ, ರಾಯರ ಮನೆಯಲ್ಲಿ ಬಾಣಂತನವೇ ಎಂದು ವಿಚಾರಿಸಿದಳು. ಈ ಭಾರವನ್ನು ಜೀಪಿನ ಕಂಬಿಯ ಮೇಲೆ ಅಲುಗದಂತೆ ಒರಗಿಸಲು ಕಾಳು ತುಂಬಿದ ಚೀಲವೊಂದು ಬೇಕು. ರಾಯರು ಅಡುಗೆಮನೆಯ ಡಬ್ಬಿಯಿಂದ ಆರು ಸೇರು ಹೆಸರುಕಾಳನ್ನು ಅದಕ್ಕೆ ಸುರಿದುಕೊಂಡು ಜೂನ್ ತಿಂಗಳಿನಲ್ಲಿ ನಾಗರಹೊಳೆಗೆ ಹೋದರು. ಮೂರು ದಿನದ ಮಳೆಯಲ್ಲಿ ಜೀಪಿನೊಡನೆ ಚೀಲವೂ ನೆನೆಯಿತು. ಹಿಂದಿರುಗಿದಾಗ ಮೃಗಗಳ ಚಿತ್ರ ಒಂದೂ ಬಂದಿರಲಿಲ್ಲ. ಕಾಳು ಮಾತ್ರ ಸೊಗಸಾಗಿ ಮೊಳಕೆ ಬಂದಿದ್ದಿತು. ಆ ರಾತ್ರಿ ಅವರ ಶ್ರೀಮತಿಯವರು ನಮ್ಮ ಮನೆಗೂ ಒಂದು ಬಟ್ಟಲು ಉಸಲಿ ಕಳುಹಿಸಿ, “ಕಾಡಿನಿಂದ ಈ ಸಲ ಇದಿಷ್ಟೇ ಬಂದಿದ್ದು, ಅಣ್ಣಾ” ಎಂದು ಹೇಳಿ ಕಳುಹಿಸಿದರು.

ಆದರೆ ರಾಯರನ್ನು ಕೇವಲ ಹುಚ್ಚರೆಂದು ತಳ್ಳಿಹಾಕುವಂತಿಲ್ಲ, ಅವರಲ್ಲಿ ಶಾಸ್ತ್ರವಿದ್ದಿತು. ಸಂಜೆಯ ಹೊತ್ತು ಜಗಲಿಯ ಮೇಲೆ ಕುಳಿತು, ಎದುರಿಗೆ ಸಿಕ್ಕ ನನ್ನನ್ನೇ ನಾನಾ ಪ್ರಾಣಿಗಳ ಸ್ಥಾನದಲ್ಲಿ ನಿಲ್ಲಿಸಿ, ಅದನ್ನು ಅವರು ನಿರೂಪಿಸುವರು. “ಕಣ್ಣು ಅಂದರೇನು ಸ್ವಾಮಿ? ತೇವವಾಗಿರೋ ಒಂದು ಉಬ್ಬುಗನ್ನಡಿ. ಎದುರಿಗಿರೋ ಬೆಳಕನ್ನೆಲ್ಲ ಮುದುರಿ ಒಂದು ಚುಕ್ಕಿ ಮಾಡಿ ತೋರಿಸುತ್ತೆ. ಈಗ ನೀವು ಜಿಂಕೆ ಅಂತ ಇಟ್ಟುಕೊಳ್ಳಿ, ಸ್ವಲ್ಪ ಕತ್ತು ಎತ್ತಿ.” ನಾನು ಎತ್ತುವೆನು. ಬೆಳಗಿನ ಮೊದಲ ಜಾವದ ಮತ್ತು ಸಂಜೆಯ ಕಡೆಯ ಗಳಿಗೆಯ ಸೂರ್ಯನು ತಗ್ಗಿನಲ್ಲಿದ್ದು, ಚಿತ್ರ ತೆಗೆಯುವವನ ಬೆನ್ನ ಹಿಂದಿನಿಂದ ನೇರವಾಗಿ ಮೃಗದ ಹುಬ್ಬಿನ ಕೆಳಕ್ಕೆ ಹಾಯುವನೆಂದೂ, ಆಗಲೇ ಚುಕ್ಕಿ ಬೀಳುವುದೆಂದೂ, ನಡುಮಧ್ಯಾಹ್ನದಲ್ಲಾದರೋ ಹುಬ್ಬಿನ ನೆರಳು ಕಣ್ಣನ್ನು ಮುಚ್ಚಿ ಸಾಕ್ಷಾತ್ ಮೃಗರಾಜನೂ ಕಂತು ಕಟ್ಟದ ಸಾಲಗಾರನಂತೆ ಕಾಣುವನೆಂದೂ ಅವರು ವಿವರಿಸುವರು. ಮೋಡ ಮುಸುಕಿದ ದಿನವೆಂದರೆ ಇತರರು ಮುಖ ಸಿಂಡರಿಸಿದರೂ ರಾಯರು ಹಿಗ್ಗುವರು. ಏಕೆಂದರೆ ಅಂದು ಸಮಸ್ತ ಆಕಾಶವೇ ಒಂದು ದೀಪವಾಗಿ, ಕಣ್ಣಿನ ಮೇಲ್ಭಾಗದಲ್ಲಿ ಮೃದುವಾದ ಅಗಲವಾದ ಹೊಳಪೊಂದು ಹರಡುವುದು. ಹಕ್ಕಿಯಾದರೆ ತಲೆಯನ್ನು ನಮ್ಮ ಕಡೆಗೆ ಎಳ್ಳಷ್ಟು ತಿರುಗಿಸಿದರೂ ಸಾಕು, ಇಲ್ಲದ ಚುಕ್ಕಿ ಹುಟ್ಟುವುದು. ಅತ್ತ ತಿರುಗಿದರೆ ಇದ್ದ ಚುಕ್ಕಿ ಸಾಯುವುದು. ಕಾಟಿ, ಕರಡಿ, ಕಾಜಾಣ ಮೊದಲಾದ ಕೃಷ್ಣವರ್ಣದವುಗಳಲ್ಲಿಯಂತೂ ಚುಕ್ಕಿ ಬೀಳದಿದ್ದರೆ ಕಣ್ಣೆಲ್ಲಿದೆಯೆಂದೇ ತಿಳಿಯದೆ, ಮಸಿಯ ಮುದ್ದೆಗೆ ಕಾಲು ಬಂದಂತಾಗುವುದು.

ಫ್ಲಾಷ್ ಎಂಬ ಕೃತಕ ಮಿಂಚಿನ ಮಾತೆತ್ತಿದರೆ ರಾಯರಿಗೆ ಕೆಂಡದಂಥ ಕೋಪ. ಅಭಯಾರಣ್ಯದ ಸಫಾರಿಯಲ್ಲಿ ಅದು ನಿಷಿದ್ಧವೆಂಬುದು ಒಂದು ಕಾರಣ. ಅದರ ಚುಕ್ಕಿ ಪಾಪೆಯ ನಟ್ಟನಡುವೆ ಸೂಜಿಯ ಮೊನೆಯಂತೆ ಕುಳಿತು ಸುಳ್ಳನ್ನು ಸಾರುವುದೆಂಬುದು ಎರಡನೆಯದು. ಸೂರ್ಯನೂ ಫ್ಲಾಷೂ ಒಟ್ಟಿಗೆ ಬಿದ್ದರೆ ಒಂದೇ ಕಣ್ಣಿನಲ್ಲಿ ಎರಡು ಚುಕ್ಕಿಗಳೇಳುವುದು ಮೂರನೆಯದು. ಇವೆಲ್ಲಕ್ಕೂ ಮಿಗಿಲಾದುದೆಂದರೆ, ಹುಲಿ, ಜಿಂಕೆ, ಮೊಸಳೆಗಳ ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಹಿಂದಕ್ಕೆ ಎರಚುವ ಕನ್ನಡಿಯಂಥ ಪೊರೆಯೊಂದಿದ್ದು, ಮಿಂಚು ಲೆನ್ಸಿನ ಪಕ್ಕದಿಂದಲೇ ಹೊರಟರೆ ಕಣ್ಣು ಪೂರ್ತಿ ಹಳದಿಯಾಗಿಯೋ ಹಸಿರಾಗಿಯೋ ಕೆಂಪಾಗಿಯೋ ಉರಿದು ಭೂತದಂತಾಗುವುದು. “ಮುಸುವನಿಗೆ ಆ ಪೊರೆ ಇಲ್ಲ. ನಿಮಗೂ ಇಲ್ಲ,” ಎಂದು ಅವರು ನನ್ನನ್ನು ದಿಟ್ಟಿಸಿ ಹೇಳಿದಾಗ, ಅದನ್ನು ಪ್ರಶಂಸೆಯೆಂದು ತಿಳಿಯಬೇಕೋ ಬೇಡವೋ ಎಂದು ನಾನು ಬಹಳ ಹೊತ್ತು ಯೋಚಿಸಿದೆನು.

ತರ್ಪಣದಲ್ಲಿ ಪಿತೃಗಳನ್ನು ಕರೆಯುವಂತೆ ರಾಯರು ತಮ್ಮ ವಿದ್ಯೆಯ ಹಿರಿಯರನ್ನು ಕರೆಯುತ್ತಿದ್ದರು. 1920ರ ದಶಕದಲ್ಲಿ ಹುಲಿಯ ಹಾದಿಗೆ ತಂತಿ ಕಟ್ಟಿ, ಹುಲಿಯು ತಾನೇ ಅದನ್ನು ಮೆಟ್ಟಿ, ತಾನೇ ಮಿಂಚು ಹೊತ್ತಿಸಿ, ತನ್ನ ಚಿತ್ರವನ್ನು ತಾನೇ ತೆಗೆದುಕೊಳ್ಳುವಂತೆ ಮಾಡಿದ ಅರಣ್ಯಾಧಿಕಾರಿ ಚಾಂಪಿಯನ್; ರಾಜ್ಯದ ಹಣಕಾಸನ್ನೂ ಕಾಡಿನ ನೆರಳುಬೆಳಕನ್ನೂ ಸಮಾನವಾಗಿ ಬಲ್ಲವರಾಗಿದ್ದ ಸಂಡೂರಿನ ಎಂ. ವೈ. ಘೋರ್ಪಡೆ, ಬೆಂಗಳೂರಿನ ಇ. ಹನುಮಂತರಾವ್ ಮತ್ತು ಟಿ. ಎನ್. ಎ. ಪೆರುಮಾಳ್. ಅವರ ಕಾಲದಲ್ಲಿ ಒಂದು ಸುರುಳಿಗೆ 36 ಚಿತ್ರ. ಗುಂಡಿ ಒತ್ತುವ ಮುನ್ನ ಮೂವತ್ತಾರು ಬಾರಿ ಯೋಚನೆ. ನಮ್ಮ ರಾಯರ ಯಂತ್ರವಾದರೋ ಒಂದು ಸೆಕೆಂಡಿಗೆ 20 ಚಿತ್ರಗಳನ್ನು ಉಗುಳುವುದು. ಒಂದು ಸಂಜೆಗೆ ಮೂರು ಸಾವಿರ ತೆಗೆದು, ರಾತ್ರಿಯೆಲ್ಲ ಕುಳಿತು ಕಣ್ಣು ಕಣ್ಣನ್ನೂ ತಪಾಸಣೆ ಮಾಡಿ, ಎರಡು ಸಾವಿರದ ಒಂಬೈನೂರ ತೊಂಬತ್ತೇಳನ್ನು ಅಳಿಸಿ, ಉಳಿದ ಮೂರನ್ನು ಬೆಳಗಿನ ಕಾಫಿಯ ನಂತರ ಅವರು ಅಳಿಸುತ್ತಿದ್ದರು.

ಒಮ್ಮೆ ಅವರ ಜೊತೆಯಲ್ಲಿ ಕಬಿನಿಯ ಕಡೆ ನಾನೂ ಹೋಗಿದ್ದೆನು. ದಮ್ಮನಕಟ್ಟೆಯಿಂದ ಹೊರಟ ನಮ್ಮ ಜೀಪಿನಲ್ಲಿ ಮೂರು ದಿನಗಳಿಂದ ಹುಲಿಗಾಗಿ ಕಾದು ಸೋತ ಸಂಸಾರವೊಂದು ಕುಳಿತಿದ್ದಿತು. ಜಿಂಕೆಯೊಂದು ಎಚ್ಚರಿಕೆಯ ಕೂಗು ಹಾಕಿತು. ಮರದ ಮೇಲಿನ ಮುಸುವ ಅದನ್ನು ಅನುಮೋದಿಸಿತು. ಚಾಲಕನು ಜೀಪು ನಿಲ್ಲಿಸಿದನು. ಲಾಂಟಾನದ ಪೊದೆಯನ್ನು ಸರಿಸಿಕೊಂಡು, ಯಾರಿಗೂ ಹೆದರದ, ಯಾರನ್ನೂ ಹೆದರಿಸಬೇಕಾಗಿಲ್ಲದ ಗಾಂಭೀರ್ಯದಿಂದ ಹುಲಿ ಹೊರಬಂದು ದಾರಿಯ ಮಗ್ಗುಲಲ್ಲಿ ಕುಳಿತಿತು. ಮಕ್ಕಳು ಉಸಿರು ಬಿಗಿಹಿಡಿದರು. ತಾಯಿ ಕೈಮುಗಿದಳು. ರಾಯರು ಲೆನ್ಸಿನಲ್ಲಿ ಒಂದು ಗಳಿಗೆ ನೋಡಿ, “ನೆರಳಲ್ಲಿ ಕೂತಿದೆ. ಚುಕ್ಕಿ ಇಲ್ಲ. ಹೋಗೋಣ ನಡೀರಪ್ಪ,” ಎಂದರು. ಚಾಲಕನು ಹಿಂದಿರುಗಿ ಬಹು ವಿನಯದಿಂದ, “ಸಾರ್, ಅದು ಹುಲಿ ಸಾರ್, ಚೆಕ್ಕಲ್ಲ” ಎಂದನು. ಬ್ಯಾಂಕಿನ ವೃತ್ತಾಂತವನ್ನು ಅವನಿಗೆ ಹೇಳಿದವನು ನಾನೇ ಎಂಬುದನ್ನು ಇಲ್ಲಿ ಒಪ್ಪಿಕೊಂಡುಬಿಡುತ್ತೇನೆ.

ಕಾಡಿನಲ್ಲಿ ಸಲ್ಲುವ ಶಾಸ್ತ್ರ ನಾಡಿನಲ್ಲಿಯೂ ಸಲ್ಲಬೇಕಷ್ಟೆ. ಮದುವೆಯ ಆಲ್ಬಮ್ಮುಗಳನ್ನು ನೋಡಿ, “ವರನಿಗೆ ಚುಕ್ಕಿ ಇದೆ, ವಧುವಿಗೆ ಇಲ್ಲ” ಎಂದು ಬೀಗರ ಮುಂದೆ ತೀರ್ಪಿತ್ತು ರಾಯರು ಒಂದೆರಡು ಮನೆಗಳ ಬಾಗಿಲನ್ನು ಮುಚ್ಚಿಸಿಕೊಂಡರು. ಗಣೇಶನ ಹಬ್ಬದ ಹಿಂದಿನ ದಿನ ಕುಂಬಾರಗೇರಿಯಲ್ಲಿ ನಡೆದುದು ಮಾತ್ರ ಅವರಿಗೆ ಸರಿಯಾದ ಪಾಠವಾಯಿತು. ವಿಗ್ರಹಕ್ಕೆ ಎಲ್ಲಕ್ಕಿಂತ ಕಡೆಯಲ್ಲಿ ಕಣ್ಣು ತೆರೆಯುವುದು, ಹಾಗೆ ತೆರೆದ ಕಣ್ಣಿನ ಮೊದಲ ದೃಷ್ಟಿಗೆ ಕನ್ನಡಿ ಹಿಡಿಯುವುದು ನಮ್ಮ ಶಿಲ್ಪಿಗಳ ಪದ್ಧತಿ. ನೇತ್ರೋನ್ಮೀಲನವೆಂಬ ಆ ಸಂಸ್ಕಾರವನ್ನು ರಾಯರು ತಮ್ಮ ಚುಕ್ಕಿಯ ವೇದಪ್ರಮಾಣವೆಂದೇ ಭಾವಿಸಿದ್ದರು. ಮುದುಕನೊಬ್ಬ ಗಣಪತಿಯ ಕಣ್ಣಿಗೆ ಬಿಳಿಯ ಬಣ್ಣದಿಂದ ದೊಡ್ಡದೊಂದು, ಸಣ್ಣದೊಂದು, ಹೀಗೆ ಎರಡು ಚುಕ್ಕಿಗಳನ್ನಿಡುತ್ತಿರುವುದನ್ನು ಕಂಡು ಅವರಿಂದ ತಡೆಯಲಾಗಲಿಲ್ಲ. “ಏನಯ್ಯ, ಎರಡು ಚುಕ್ಕಿ ಇಟ್ಟಿದ್ದೀಯಲ್ಲ, ಆಕಾಶದಲ್ಲಿ ಇಬ್ಬರು ಸೂರ್ಯರಿದ್ದಾರೇನು?” ಮುದುಕ ಕುಂಚವನ್ನು ಎತ್ತದೆಯೇ ಉತ್ತರಿಸಿದನು: “ದೊಡ್ಡದು ಸೂರ್ಯಂದು ಬುದ್ಧಿ. ಸಣ್ಣದು ಚಂದ್ರಂದು. ಚೌತಿಯಲ್ವರಾ, ಗಣಪಂಗೂ ಚಂದ್ರಂಗೂ ಆಗಿಬರಾಕಿಲ್ಲ, ಅದಕ್ಕೇ ಸಣ್ಣದಾಗಿ ಇಟ್ಟಿವ್ನಿ.” ರಾಯರು ಚೌಕಾಶಿ ಮಾಡದೆ ಆ ಗಣಪತಿಯನ್ನೇ ಕೊಂಡು ತಂದರು.

ಅವರ ಹೆಂಡತಿಯ ಅಣ್ಣನ ಮಗ, ಬೆಂಗಳೂರಿನ ಇಂಜಿನಿಯರ್, ಒಂದು ಭಾನುವಾರ ಬಂದು, “ಮಾವ, ಇದಕ್ಕೆ ಇಷ್ಟು ಒದ್ದಾಡ್ತೀರಲ್ಲ,” ಎಂದು ಕಂಪ್ಯೂಟರಿನಲ್ಲಿ ಒಂದು ಕಾಟಿಯ ಕಣ್ಣಿಗೆ ಅರೆನಿಮಿಷದಲ್ಲಿ ಚುಕ್ಕಿ ಇಟ್ಟು ತೋರಿಸಿದನು. ಸೊಗಸಾಗಿಯೇ ಇದ್ದಿತು, ನಾನೂ ನೋಡಿದೆನು. ರಾಯರ ಮುಖ ಕಪ್ಪಿಟ್ಟಿತು. ಸ್ಪರ್ಧೆಗಳ ನಿಸರ್ಗ ವಿಭಾಗದಲ್ಲಿ ದೃಶ್ಯದಲ್ಲಿಲ್ಲದುದನ್ನು ಸೇರಿಸಬಾರದೆಂಬ ನಿಯಮವಿದೆ, ನಿಜ. ಆದರೆ ಅಂದು ರಾಯರ ಬಾಯಲ್ಲಿ ನಿಯಮದ ಮಾತು ಬರಲಿಲ್ಲ. “ಇದು ಕಳ್ಳ ರುಜು ಕಣಯ್ಯ,” ಎಂದಷ್ಟೇ ಹೇಳಿ, ಆ ಚಿತ್ರವನ್ನು ಅಳಿಸಿ ಒಳಕ್ಕೆ ಹೋದರು. ಅಲ್ಲಿಯವರೆಗೆ ಅವರನ್ನು ನೋಡಿ ನಗುತ್ತಿದ್ದ ನನಗೆ, ಅಂದಿನಿಂದ ನಗುವಾಗ ಕೊಂಚ ಸಂಕೋಚವಾಗತೊಡಗಿತು.

ಕಡೆಗೆ ಚುಕ್ಕಿ ಒಲಿದದ್ದು ಕಬಿನಿಯಲ್ಲಲ್ಲ, ಬಂಡೀಪುರದಲ್ಲಲ್ಲ; ಮನೆಯಿಂದ ಮುಕ್ಕಾಲು ಗಂಟೆಯ ದಾರಿಯ ರಂಗನತಿಟ್ಟಿನಲ್ಲಿ. ಸಲೀಂ ಅಲಿಯವರ ಮಾತಿನಂತೆ 1940ರಲ್ಲಿ ಪಕ್ಷಿಧಾಮವಾದ ಕಾವೇರಿಯ ಆ ನಡುಗಡ್ಡೆಗಳಲ್ಲಿ, ಜನವರಿಯ ಒಂದು ಬೆಳಗ್ಗೆ, ಎಲ್ಲರೂ ಮರದ ಮೇಲಿನ ಕೊಕ್ಕರೆಗಳನ್ನು ನೋಡುತ್ತಿರಲು, ರಾಯರು ದೋಣಿಯ ಅಂಚಿಗೆ ಎದೆಯೂರಿ ಬಾಗಿ, ಬಂಡೆಯ ಮೇಲೆ ಬಿಸಿಲು ಕಾಯುತ್ತಿದ್ದ ಮೊಸಳೆಯೊಂದರ ಕಣ್ಣಿನ ಮಟ್ಟಕ್ಕೆ ತಮ್ಮ ಕಣ್ಣನ್ನು ಇಳಿಸಿದರು. ಸೂರ್ಯನು ಬೆನ್ನ ಹಿಂದೆ. ಮೊಸಳೆಯ ಕಣ್ಣು ತೆರೆದಿತ್ತು. ಅಂಬಿಗನು, “ಇನ್ನೂ ಬಗ್ಗಿದ್ರೆ ಅದೇ ನಿಮ್ಮ ಫೋಟೋ ತಗೊಳ್ಳುತ್ತೆ ಸಾರ್,” ಎಂದು ಪಂಚೆಯ ಅಂಚನ್ನು ಹಿಡಿದು ಜಗ್ಗದಿದ್ದರೆ ಈ ವ್ಯಕ್ತಿಚಿತ್ರವು ಸ್ಮರಣಲೇಖನವಾಗುತ್ತಿತ್ತು.

ಆ ರಾತ್ರಿ ಚಿತ್ರವನ್ನು ಹಿಗ್ಗಿಸಿ ನೋಡಿದೆವು. ಚುಕ್ಕಿ ಇದ್ದಿತು, ಗಡಿಯಾರದ ಹತ್ತು ಗಂಟೆಯ ಸ್ಥಾನದಲ್ಲಿ, ಶಾಸ್ತ್ರ ಹೇಳಿದ ಜಾಗದಲ್ಲಿಯೇ ಇದ್ದಿತು. ರಾಯರು ಇನ್ನೂ ಹಿಗ್ಗಿಸಿದರು. ಬೆಳ್ಳಗಿನ ಆಕಾಶದ ತುಣುಕೊಂದು, ಅದರ ಕೆಳಗೆ ಕಪ್ಪಗೆ ಒಂದು ದೋಣಿ, ದೋಣಿಯ ಅಂಚಿನಲ್ಲಿ ಬಾಗಿದ ಒಂದು ಟೋಪಿ. ವರ್ಷಗಟ್ಟಲೆ ಕಾಡುಮೇಡು ಅಲೆದು ಯಾವ ಜೀವಂತಿಕೆಯನ್ನು ಮೃಗದ ಕಣ್ಣಿನೊಳಗೆ ಹುಡುಕಿದ್ದರೋ ಅದು ಮೃಗದ ಸ್ವಂತದ್ದಾಗಿರದೆ, ಆಕಾಶದ್ದೂ ತಮ್ಮದೂ ಆಗಿದ್ದಿತು. ರಾಯರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ಸಹಿ ಸರಿಯಾಗಿದೆ,” ಎಂದರು. ಶ್ರೀಮತಿಯವರು ಕನ್ನಡಕವನ್ನು ಏರಿಸಿಕೊಂಡು ನೋಡಿ, “ಟೋಪಿ ಸೊಟ್ಟಗಿದೆ ನೋಡಿ,” ಎಂದರು.

ಆ ಚಿತ್ರ ಈಗ ಅವರ ನಡುಮನೆಯಲ್ಲಿ ಗಣಪತಿಯ ಪಟದ ಪಕ್ಕದಲ್ಲಿ ತೂಗುತ್ತಿದೆ. ರಾಯರ ಕಾಡುಯಾತ್ರೆ ನಿಂತಿಲ್ಲ. ಚುಕ್ಕಿಯ ಪಟ್ಟೂ ಸಡಿಲಿಲ್ಲ. ಆದುದರಿಂದ ಅವರು ಕ್ಯಾಮೆರಾ ಸಹಿತ ನಿಮ್ಮ ಮನೆಗೆ ಬರುವ ಸೂಚನೆಯೇನಾದರೂ ದೊರೆತರೆ, ವಾಚಕ ಮಹಾಶಯರೇ, ನನ್ನ ಅನುಭವದ ಸಲಹೆ ಇಷ್ಟೇ: ದೀಪ ಹಚ್ಚಬೇಡಿ, ತಲೆ ಬಾಚಿಕೊಳ್ಳುವ ಶ್ರಮವೂ ಬೇಡ, ಕಿಟಕಿಗೆ ಮುಖಮಾಡಿ ಕುಳಿತು, ಕತ್ತನ್ನು ಸ್ವಲ್ಪ ಎತ್ತಿರಿ.