ಖಾಸಗಿ ಕಾಲೇಜು ಪ್ರವೇಶ ಮೀಮಾಂಸೆ

ಯಾವುದೇ ಶಾಸ್ತ್ರಕ್ಕೆ ಕೈಹಾಕುವ ಮೊದಲು ಅದಕ್ಕೆ ಅಧಿಕಾರಿ ಯಾರೆಂದು ನಿರ್ಣಯಿಸುವುದು ಸಂಪ್ರದಾಯ. ಎಸ್‌ಎಸ್‌ಎಲ್‌ಸಿಯಲ್ಲಿ 625ಕ್ಕೆ 610 ತೆಗೆದ ಮಗುವಿನ ತಂದೆಗೆ ಇಲ್ಲಿ ಅಧಿಕಾರವಿಲ್ಲ. ಅವನ ಮನೆಗೆ ಕಾಲೇಜಿನವರೇ ಬಂದು ಫ್ಲೆಕ್ಸಿಗೆ ಫೋಟೊ ಕೇಳುತ್ತಾರೆ. ಸೀದಾ ಸರ್ಕಾರಿ ಕಾಲೇಜಿಗೆ ಹೋಗಿ ಅರ್ಜಿ ತುಂಬಿ ಬರುವವನಿಗೂ ಇಲ್ಲ; ಅವನು ಜೀವನ್ಮುಕ್ತ. ಮಗ 412 ತೆಗೆದಿದ್ದಾನೆ, ದೊಡ್ಡ ಕಾಲೇಜಿನ ಕಟಾಫ್ ಮುಟ್ಟಿಲ್ಲ, ಆದರೂ ‘ಸೈನ್ಸೇ ಕೊಡಿಸಿ ಭಾವ’ ಎಂದು ಹುಡುಗನ ಸೋದರಮಾವ ಅಪ್ಪಣೆ ಮಾಡಿಬಿಟ್ಟಿದ್ದಾನೆ. ಇಂಥ ತಂದೆಯೇ ಅಧಿಕಾರಿ. ತಾಲ್ಲೂಕು ಕೇಂದ್ರದ ಬೈಪಾಸ್ ರಸ್ತೆಯಲ್ಲಿ, ಕೆಳಗೆ ಟೈಲ್ಸ್ ಅಂಗಡಿ, ಮೇಲೆ ಎರಡಂತಸ್ತು ಇರುವ ಸಣ್ಣ ಖಾಸಗಿ ಪಿಯು ಕಾಲೇಜು ವಿಷಯ. ಸೀಟು ಪ್ರಯೋಜನ.

ಪ್ರಮಾಣಗ್ರಂಥ ಪ್ರಾಸ್ಪೆಕ್ಟಸ್. ಅದು ಅಪೌರುಷೇಯ, ಬರೆದವರು ಯಾರೆಂದು ಪ್ರಿನ್ಸಿಪಾಲರಿಗೂ ತಿಳಿಯದು. ಪಕ್ಕದ ತಾಲ್ಲೂಕಿನ ಕಾಲೇಜಿನ ಪುಸ್ತಿಕೆಯಲ್ಲಿಯೂ ಇವೇ ವಾಕ್ಯಗಳು, ಅವೇ ಅಚ್ಚಿನ ತಪ್ಪುಗಳು ಸಿಗುವುದರಿಂದ ಪಾಠಪರಂಪರೆ ಅವಿಚ್ಛಿನ್ನವೆಂದು ಸಿದ್ಧವಾಗುತ್ತದೆ. ಮೀಮಾಂಸಕರು ವೇದವಾಕ್ಯಗಳನ್ನು ವಿಧಿ, ಮಂತ್ರ, ನಾಮಧೇಯ, ನಿಷೇಧ, ಅರ್ಥವಾದ ಎಂದು ಐದಾಗಿ ವಿಂಗಡಿಸಿದರಷ್ಟೆ. ಆ ವಿಂಗಡಣೆ ಇಲ್ಲಿ ಇನ್ನೂ ಚೆನ್ನಾಗಿ ಹೊಂದುತ್ತದೆ. ಕಾಲೇಜಿನ ಹೆಸರಿನ ತುದಿಗಿರುವ ‘ಇಂಟರ್‌ನ್ಯಾಷನಲ್’ ನಾಮಧೇಯ. ನೀಟ್, ಜೆಇಇ, ಸಿಇಟಿ ಎಂಬಿವು ಮಂತ್ರ. ಅರ್ಥ ತಿಳಿಯದೆ ಉಚ್ಚರಿಸಿದರೂ ತಂದೆಯ ಮೇಲೆ ಕೆಲಸ ಮಾಡುತ್ತವೆ. ‘ಮೊದಲ ಕಂತನ್ನು ಪ್ರವೇಶದ ದಿನವೇ ಕಟ್ಟತಕ್ಕದ್ದು’ ಎಂಬುದು ವಿಧಿ. ‘ಕಟ್ಟಿದ ಹಣವನ್ನು ಯಾವ ಕಾರಣಕ್ಕೂ ಹಿಂದಿರುಗಿಸಲಾಗುವುದಿಲ್ಲ’ ಎಂಬುದು ನಿಷೇಧ. ಉಳಿದ 22 ಪುಟವೂ ಅರ್ಥವಾದ. ಅರ್ಥವಾದಕ್ಕೆ ಸ್ವತಂತ್ರ ಪ್ರಾಮಾಣ್ಯವಿಲ್ಲ, ಕೇಳುವವನನ್ನು ವಿಧಿಯ ಕಡೆ ಹುರಿದುಂಬಿಸುವುದಷ್ಟೇ ಅದರ ಕೆಲಸ ಎಂದು ಶಾಸ್ತ್ರಕಾರರು ಹೇಳಿಟ್ಟಿದ್ದಾರೆ. ಆದಕಾರಣ ‘ಡಿಜಿಟಲ್ ಲೈಬ್ರರಿ ಎಲ್ಲಿದೆ ಸಾರ್?’ ಎಂದು ಕೇಳುವ ತಂದೆಗೆ ಮೀಮಾಂಸೆ ಬಾರದು ಎಂದೇ ತಿಳಿಯಬೇಕು.

ಅಲ್ಲಿ ಇಲ್ಲದಿರುವ ವಸ್ತುಗಳ ವಿಚಾರಕ್ಕೆ ನೈಯಾಯಿಕರ ಅಭಾವ ಪ್ರಕರಣವನ್ನು ನೋಡಬೇಕು. ಕೆಮಿಸ್ಟ್ರಿ ಲ್ಯಾಬ್ ‘ಬರುವ ವರ್ಷ’ ಆಗುತ್ತದೆ, ಇದು ಪ್ರಾಗಭಾವ. ಫಿಸಿಕ್ಸ್ ಲೆಕ್ಚರರ್ ಇದ್ದರು, ಸರ್ಕಾರಿ ನೌಕರಿ ಸಿಕ್ಕಿ ಹೋದರು, ಇದು ಪ್ರಧ್ವಂಸಾಭಾವ. ಆಟದ ಮೈದಾನ ಹಿಂದೆ ಇರಲಿಲ್ಲ, ಈಗ ಇಲ್ಲ, ಮುಂದೆಯೂ ಇರದು. ಪುಸ್ತಿಕೆಯ ಮುಖಪುಟದಲ್ಲಿ ಹಸಿರಾಗಿ ಕಾಣುವ ಇದು ಅತ್ಯಂತಾಭಾವ. ಇದಲ್ಲ ಅದು, ಅದಲ್ಲ ಇದು ಎಂಬ ಅನ್ಯೋನ್ಯಾಭಾವವೊಂದನ್ನು ಮಾತ್ರ ಈ ಕಾಲೇಜಿನಲ್ಲಿ ಸಾಧಿಸಲಾಗದು. ಬಾಟನಿ ಲ್ಯಾಬೇ ಲೈಬ್ರರಿ, ಲೈಬ್ರರಿಯೇ ಸ್ಟಾಫ್ ರೂಮು, ಶನಿವಾರ ಅದೇ ಆಡಿಟೋರಿಯಂ. ಅದ್ವೈತಿಗಳು ಈ ಕೋಣೆಯನ್ನು ನೋಡಿದ್ದರೆ ಅರ್ಧ ವಾದ ಅಲ್ಲೇ ಮುಗಿಯುತ್ತಿತ್ತು.

ಈಗ ಶಾಸ್ತ್ರದ ಹೃದಯಕ್ಕೆ ಬರೋಣ. ಆಫೀಸಿನಲ್ಲಿ ಹೀಗೆ ನಡೆಯುತ್ತದೆ:

‘ಪಿಸಿಎಂಬಿ ಫುಲ್ ಆಗೋಯ್ತಲ್ಲ ಯಜಮಾನ್ರೇ. ಎರಡೇ ಸೀಟು ಉಳಿದಿರೋದು.’

‘ಮನೇಲಿ ಒಂದು ಮಾತು ಕೇಳಿ ನಾಳೆ ಬರ್ತೀನಿ ಸಾರ್.’

‘ಬನ್ನಿ. ನಾಳೆಗೆ ಗ್ಯಾರಂಟಿ ಕೊಡಕ್ಕಾಗಲ್ಲ ನೋಡಿ.’

ಈ ಎರಡು ಸೀಟುಗಳ ಸ್ವರೂಪವೇನು? ಉತ್ಪತ್ತಿ ಇಲ್ಲ, ನಾಶವಿಲ್ಲ. ಮೇ ತಿಂಗಳಲ್ಲಿ ಎಸ್‌ಎಸ್‌ಎಲ್‌ಸಿ ಪರೀಕ್ಷೆ-1ರ ಫಲಿತಾಂಶ ಬಂದಾಗ ಎರಡಿದ್ದವು. 2024ರಲ್ಲಿ ವರ್ಷಕ್ಕೆ ಮೂರು ಪರೀಕ್ಷೆ ಶುರುವಾದ ಮೇಲೆ ಪರೀಕ್ಷೆ-2ರ ಹುಡುಗರು ಬಂದರು, ಆಗಲೂ ಎರಡು. ಪರೀಕ್ಷೆ-3ರವರು ಬರುವ ಹೊತ್ತಿಗೆ ತರಗತಿಯಲ್ಲಿ ಹತ್ತೊಂಬತ್ತು ಮಕ್ಕಳು, ಅರವತ್ತು ಡೆಸ್ಕು, ಉಳಿದಿದ್ದು ಎರಡೇ ಸೀಟು. ಇದನ್ನು ನಿತ್ಯದ್ವಯವಾದ ಎನ್ನಬಹುದು. ಖಾಲಿ ಬಿದ್ದಿರುವ ಸೀಟಿಗೆ ಇಷ್ಟು ರಗಳೆ ಯಾಕೆ, ನೇರವಾಗಿ ಕೊಡಬಾರದೇ ಎಂಬುದು ಪೂರ್ವಪಕ್ಷ. ಸಿದ್ಧಾಂತ ಹೀಗಿದೆ: ಖಾಲಿ ಎಂದು ಒಪ್ಪಿಕೊಂಡರೆ ಇಬ್ಬರಿಗೂ ನಷ್ಟ. ಕಾಲೇಜಿಗೆ ದರ ಹೋಗುತ್ತದೆ, ತಂದೆಗೆ ಪುರುಷಾರ್ಥ ಹೋಗುತ್ತದೆ. ‘ಸೀಟು ಸಿಕ್ಕಿತು’ ಎಂದು ನೆಂಟರ ಮುಂದೆ ಹೇಳಬೇಕಾದರೆ, ಸಿಗದೆ ಹೋಗುತ್ತಿತ್ತು ಎಂಬ ಭಯ ಚೂರಾದರೂ ಇರಬೇಕು. ಅದಕ್ಕೇ ಅವನೂ ಎಮ್ಮೆಲ್ಲೆ ಕಡೆಯವರಿಂದ ಒಂದು ಫೋನ್ ಮಾಡಿಸುತ್ತಾನೆ. ಫೋನ್ ಬಂದದ್ದರಿಂದ ಕಾಲೇಜಿನವರಿಗೆ ಪರಮ ಸಂತೋಷ. ಬೇಡಿಕೆ ಇದೆಯೆಂದು ಅವರೇ ಒಂದು ಗಳಿಗೆ ನಂಬುತ್ತಾರೆ.

ಹಣದ ವಿಚಾರ ಬೇಗ ಮುಗಿಸುತ್ತೇನೆ, ಆಫೀಸಿನವರೂ ಬೇಗ ಮುಗಿಸುತ್ತಾರೆ. ಕ್ಯಾಪಿಟೇಶನ್ ಶುಲ್ಕವನ್ನು ನಿಷೇಧಿಸಿದ ಕರ್ನಾಟಕದ 1984ರ ಕಾಯ್ದೆ ಮೂಲಸೂತ್ರ. 1992ರ ಮೋಹಿನಿ ಜೈನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಬರೆದದ್ದು ಭಾಷ್ಯ. ಆಗ ಖಾಸಗಿ ಮೆಡಿಕಲ್ ಕಾಲೇಜಿನಲ್ಲಿ ಸರ್ಕಾರಿ ಸೀಟಿನವರಿಗೆ ವರ್ಷಕ್ಕೆ 2,000 ರೂಪಾಯಿ, ಹೊರರಾಜ್ಯದವರಿಗೆ 60,000ದವರೆಗೆ ಎಂದಿತ್ತು. 1993ರ ಉನ್ನಿಕೃಷ್ಣನ್ ತೀರ್ಪು ವಾರ್ತಿಕ. 2002ರಲ್ಲಿ ಟಿ.ಎಂ.ಎ. ಪೈ ಪ್ರಕರಣದಲ್ಲಿ 11 ನ್ಯಾಯಮೂರ್ತಿಗಳು ಕೂತು ಟೀಕೆ ಬರೆದರು. ಇಷ್ಟು ವ್ಯಾಖ್ಯಾನದ ಫಲವಾಗಿ ನಮ್ಮ ಬೈಪಾಸ್ ಕಾಲೇಜಿನಲ್ಲಿ ‘ಡೊನೇಶನ್’ ಲೋಪವಾಗಿ ‘ಅಭಿವೃದ್ಧಿ ನಿಧಿ’ ಆದೇಶವಾಗಿ ಬಂದಿದೆ. ಮೊತ್ತವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಕ್ಯಾಲ್ಕುಲೇಟರನ್ನು ತಂದೆಯ ಕಡೆ ತಿರುಗಿಸಿ ತೋರಿಸಿ, ಕೂಡಲೇ ಅಳಿಸುತ್ತಾರೆ. ಬೌದ್ಧರ ಕ್ಷಣಿಕವಾದಕ್ಕೆ ಇದಕ್ಕಿಂತ ನಿದರ್ಶನ ಬೇಕೆ?

ದಾಖಲೆಗಳಲ್ಲಿ ಚರ್ಚೆಗೆ ಯೋಗ್ಯವಾದದ್ದು ಆದಾಯ ಪ್ರಮಾಣಪತ್ರ. ನಾಡಕಚೇರಿಯಲ್ಲಿ ಕೊಟ್ಟ ಪತ್ರದ ಪ್ರಕಾರ ತಂದೆಗೆ ಆದಾಯ ಇಲ್ಲವೆನ್ನುವಷ್ಟು ಕಡಿಮೆ. ಸೆಕ್ರೆಟರಿಯ ಕೋಣೆಯಲ್ಲಿ ಕೂತಾಗ ‘ಒಂದೇ ಸಲ ಕಟ್ಟಿಬಿಡ್ತೀನಿ, ಸ್ವಲ್ಪ ನೋಡಿ ಮಾಡಿ’ ಎನ್ನುವಷ್ಟು ಹೆಚ್ಚು. ಹೆಂಡತಿ ಕೇಳಿದರೆ ಅವಕ್ತವ್ಯ. ಸ್ಯಾದ್ವಾದವನ್ನು ಕಲಿಯಲು ಶ್ರವಣಬೆಳಗೊಳಕ್ಕೇ ಹೋಗಬೇಕಾಗಿಲ್ಲ.

ಇಷ್ಟರಲ್ಲಿ ಹುಡುಗನ ಸ್ಥಾನವೇನು? ವ್ಯಾಕರಣದ ಕಣ್ಣಿನಿಂದ ನೋಡಿದರೆ ಕರ್ತೃ ತಂದೆ, ಸಂಪ್ರದಾನ ಆಡಳಿತ ಮಂಡಳಿ, ಹುಡುಗ ಕರ್ಮ. ಅವನು ಹೊರಗೆ ನೀರಿನ ಫಿಲ್ಟರ್ ಪಕ್ಕ ನಿಂತು ಮೊಬೈಲ್ ನೋಡುತ್ತಿರುತ್ತಾನೆ. ಸಹಿಗೆ ಮಾತ್ರ ಕರೆಯುತ್ತಾರೆ. ‘ಯಾಕಪ್ಪಾ ಸೈನ್ಸೇ ತಗೊಂಡೆ?’ ಎಂದು ಪ್ರಿನ್ಸಿಪಾಲರು ಕೇಳಿದರೆ ತಂದೆ ಉತ್ತರಿಸುತ್ತಾನೆ. ಆಮೇಲೆ ಒರಿಜಿನಲ್ ಟಿಸಿಯೂ ಮಾರ್ಕ್ಸ್ ಕಾರ್ಡೂ ಬೀರು ಸೇರುತ್ತವೆ, ಬೀಗ ಬೀಳುತ್ತದೆ. ಶಾಸ್ತ್ರದಲ್ಲಿ ಇದಕ್ಕೆ ಬಂಧ ಎಂದು ಹೆಸರು.

ಈ ಬಂಧದಿಂದ ಬಿಡುಗಡೆ ಉಂಟೆ ಎಂಬ ಬಗ್ಗೆ ಒಂದೇ ಒಂದು ದೃಷ್ಟಾಂತ ದೊರೆಯುತ್ತದೆ. ಜುಲೈಯ ಮೊದಲ ಕಿರುಪರೀಕ್ಷೆ ಮುಗಿದ ಸಂಜೆ ಹುಡುಗ ಊಟದ ತಟ್ಟೆ ನೋಡುತ್ತ, ತನಗೆ ಫಿಸಿಕ್ಸ್ ಆಗುವುದಿಲ್ಲ, ಕಾಮರ್ಸಿಗೆ ಹೋಗುತ್ತೇನೆ ಎಂದ. ಮಾರನೆಯ ದಿನ ತಂದೆ ಮತ್ತೆ ಆಫೀಸಿಗೆ ಬಂದು ಕೈಕಟ್ಟಿ ನಿಂತ. ಆಫೀಸಿನವರು ರಿಜಿಸ್ಟರನ್ನು ತಿರುವಿ ನೋಡಿ, ತಲೆ ಕೆರೆದುಕೊಂಡು, ಸಿಇಬಿಎ ಫುಲ್ ಆಗಿದೆ ಎಂದರು. ಯಜಮಾನರ ಮುಖ ನೋಡಿ ಹೇಳುತ್ತಿದ್ದೇವೆ, ಎರಡೇ ಸೀಟು ಇವೆ. ಆದರೆ ರಸೀದಿ ಬೇರೆ ಹರಿಯಬೇಕಾಗುತ್ತದೆ ಎಂದು ಕ್ಯಾಲ್ಕುಲೇಟರ್ ಹತ್ತಿರಕ್ಕೆ ಎಳೆದುಕೊಂಡರು.