ಹುಲ್ಲಿನ ಹೊಳೆಯಲ್ಲಿ ಜಲವಿಹಾರ

ನದಿಯೆಂದ ಮೇಲೆ ಅದು ಎರಡು ದಡಗಳ ನಡುವೆ ಅಡಗಿ, ಭೋರ್ಗರೆದು, ಎಲ್ಲಿಯಾದರೊಂದು ಕಡೆ ಧುಮುಕಿ ತೋರಿಸತಕ್ಕದ್ದೆಂದು ಜೋಗದ ಸೀಮೆಯಲ್ಲಿ ಬೆಳೆದ ನನ್ನಂಥವರು ಭಾವಿಸುವುದು ಸಹಜವಾದರೂ, ಫ್ಲಾರಿಡಾದ ಎವರ್‌ಗ್ಲೇಡ್ಸ್ ಉದ್ಯಾನಕ್ಕೆ ಆ ಭಾವನೆಯನ್ನು ಕೊಂಡೊಯ್ಯುವುದು ಉಚಿತವಲ್ಲ. ಒಕಿಚೋಬಿ ಸರೋವರದ ಕಡೆಯಿಂದ ದಕ್ಷಿಣದ ಕಡಲಿನತ್ತ ಹರಡಿಕೊಂಡು ಬರುವ ಇಲ್ಲಿಯ ನೀರು ಅಗಲದಲ್ಲಿ ಹತ್ತಾರು ಮೈಲಿಯದು. ಅದು ಹರಿಯುತ್ತಿದೆಯೆಂಬುದನ್ನು ಮಾತ್ರ ಬಲ್ಲವರು ಹೇಳಿದರೆ ನಂಬಬೇಕು. ಮಾರ್ಜೊರಿ ಸ್ಟೋನ್‌ಮನ್ ಡಗ್ಲಸ್ ಇದನ್ನು ಹುಲ್ಲಿನ ನದಿಯೆಂದು ಕರೆದು ಗ್ರಂಥ ಬರೆದದ್ದೂ, ಅಧ್ಯಕ್ಷ ಟ್ರೂಮನ್ ಈ ಉದ್ಯಾನವನ್ನು ಲೋಕಾರ್ಪಣೆ ಮಾಡಿದ್ದೂ 1947ರಲ್ಲಿಯೇ. ಆ ಹುಲ್ಲಾದರೂ ಹುಲ್ಲಲ್ಲ, ಗರಗಸದ ಹಲ್ಲುಳ್ಳ ಜೇಕು.

‘ನೈನ್ ಮೈಲ್ ಪಾಂಡ್’ ಎಂಬಲ್ಲಿ ಕಯಾಕ್ ಹತ್ತಿದೆವು. ಹೆಸರಿನಲ್ಲಿ ಒಂಬತ್ತು ಮೈಲಿಯಿದ್ದರೂ ದೋಣಿಯ ಸುತ್ತು ಐದು ಮೈಲಿಯಷ್ಟೇ ಎಂಬುದು ನನ್ನ ತೋಳುಗಳ ಪೂರ್ವಪುಣ್ಯ. ಕಾಂಡ್ಲಾ ಗಿಡಗಳ ನಡುವೆ ದಾರಿ ತೋರುವುದಕ್ಕೆ ಸಂಖ್ಯೆ ಬರೆದ ಬಿಳಿಯ ಕಂಬಗಳನ್ನು ನೆಟ್ಟಿದ್ದಾರೆ. ಇಬ್ಬರ ಕಯಾಕಿನಲ್ಲಿ ಮುಂದೆ ಕುಳಿತವರು ಆಜ್ಞಾಪಿಸುವುದು, ಹಿಂದೆ ಕುಳಿತವರು ತಿರುಗಿಸುವುದು ವಾಡಿಕೆಯಾದ್ದರಿಂದ, ನಮ್ಮ ಗೃಹಕೃತ್ಯದ ವ್ಯವಸ್ಥೆಯಲ್ಲಿ ಯಾವ ಬದಲಾವಣೆಯೂ ಬೇಕಾಗಲಿಲ್ಲ. “ಅಲ್ರೀ, ಕಂಬ ಅಲ್ಲಿದೆ, ಇತ್ಲಾಗೆ ಎಲ್ಲಿಗೆ ಹೊರಟಿರಿ?” ಎಂಬ ಪ್ರಶ್ನೆ ಪ್ರತಿ ತಿರುವಿನಲ್ಲಿಯೂ ಕೇಳಿಬರುತ್ತಿತ್ತು.

ಇಲ್ಲಿಯ ನಿಜವಾದ ಜಮೀನುದಾರನೆಂದರೆ ಆಲಿಗೇಟರ್ ಎಂಬ ಮೊಸಳೆ. ಅದು ಕೆಸರನ್ನು ಕೆದಕಿ ಮಾಡಿಕೊಂಡ ಗುಂಡಿಯಲ್ಲಿ ಒಣಗಾಲದಲ್ಲೂ ನೀರು ನಿಲ್ಲುವುದರಿಂದ ಮೀನು, ಆಮೆ, ಕೊಕ್ಕರೆಗಳೆಲ್ಲ ಅಲ್ಲಿಗೆ ಒಕ್ಕಲು ಬರುತ್ತವೆ. ಗೇಣಿಯನ್ನು ಅದು ಆಗಾಗ ಒಕ್ಕಲುಗಳಲ್ಲೊಬ್ಬರನ್ನು ನುಂಗಿ ವಸೂಲು ಮಾಡಿಕೊಳ್ಳುತ್ತದೆ. ಇಷ್ಟು ಸರಳವಾದ ಲೆಕ್ಕಪತ್ರವನ್ನು ನಾನು ಬೇರೆಲ್ಲಿಯೂ ಕಂಡಿಲ್ಲ.

ಅನ್ಹಿಂಗ ಕಾಲುದಾರಿ ಒಂದು ಮೈಲಿಗೂ ಕಡಿಮೆ. ಅದರ ಹೆಸರಿಗೆ ಕಾರಣವಾದ ಪಕ್ಷಿ ನಮ್ಮ ರಂಗನತಿಟ್ಟಿನ ಹಾವಕ್ಕಿಯ ದಾಯಾದಿ. ನೆನೆದ ರೆಕ್ಕೆಗಳನ್ನು ಬಿಸಿಲಿಗೆ ಹರವಿ ನಿಲ್ಲುವ ಭಂಗಿಯೂ ಅದರದೇ. ಮೊಸಳೆಗೆ ಹೆದರಿ ಬಂದವರಿಗೆ ನಷ್ಟವುಂಟುಮಾಡುವವು ಮಾತ್ರ ಕಾರು ನಿಲ್ಲಿಸುವಲ್ಲಿ ಕಾದಿರುವ ಕಪ್ಪು ರಣಹದ್ದುಗಳು: ಮಾಂಸಾಹಾರಿಗಳೆಂದು ಪ್ರಸಿದ್ಧವಾದ ಇವು ವೈಪರಿನ ರಬ್ಬರನ್ನು ಕಿತ್ತೆಳೆಯುವುದರಲ್ಲಿ ಕಾಣುವ ರುಚಿ ಜೀವಶಾಸ್ತ್ರಕ್ಕೇ ಒಂದು ಸವಾಲು.

ಹೋಗುವವರು ಚಳಿಗಾಲದಲ್ಲಿ ಹೋಗಿರಿ. ಮಳೆಗಾಲವನ್ನು ಸೊಳ್ಳೆಗಳು ಗುತ್ತಿಗೆ ಹಿಡಿದಿರುತ್ತವೆ. ಕಾಲುದಾರಿಗೆ ಇಳಿಯುವ ಮೊದಲು ಅಲ್ಲಿಟ್ಟಿರುವ ಟಾರ್ಪಾಲನ್ನು ಕಾರಿಗೆ ಬಿಗಿಯಾಗಿ ಕಟ್ಟಿರಿ.