ಚಕ್ರನಿಗ್ರಹ ಮೀಮಾಂಸೆ: ಒಂದು ತಾತ್ವಿಕ ಅನುಸಂಧಾನ

1. ಪೀಠಿಕೆ

ಚಲನೆಯನ್ನು ಕುರಿತು ನಮ್ಮಲ್ಲಿ ಬೇಕಾದಷ್ಟು ಚಿಂತನೆ ನಡೆದಿದೆ. ನಿಲುಗಡೆಯ ಬಗ್ಗೆ ಮಾತ್ರ ವಿದ್ವತ್ ವಲಯ ದಿವ್ಯಮೌನ ತಾಳಿದೆ. ಈ ಕೊರತೆ ತುಂಬುವ ವಿನಮ್ರ ಪ್ರಯತ್ನವಾಗಿ, ಬರ್ಮಿಂಗ್‌ಹ್ಯಾಮಿನ ನನ್ನ ಮನೆಯ ಶೆಡ್ಡಿನಲ್ಲಿರುವ 1990ರ ಮಾಜ್ದಾ ಎಂಎಕ್ಸ್-5 ಎಂಬ ಎರಡು ಸೀಟಿನ ಪಠ್ಯವನ್ನು ಪ್ರಸ್ತುತ ಪ್ರಬಂಧವು ನಿಕಟ ಓದಿಗೆ ಒಳಪಡಿಸುತ್ತದೆ. ಪಠ್ಯದ ಮುಂದಿನ ಡಿಸ್ಕಿನ ವ್ಯಾಸ 235 ಮಿಲಿಮೀಟರ್, ಹಿಂದಿನದು 231. ಈ 4 ಮಿಲಿಮೀಟರ್ ಅಂತರದಲ್ಲಿ ಅಡಗಿರುವ ಅಧಿಕಾರ ಸಂಬಂಧಗಳನ್ನು ಬೇರೊಂದು ವಿಚಾರ ಸಂಕಿರಣದಲ್ಲಿ ಚರ್ಚಿಸಲಾಗುವುದು.

ಇನ್ನು ವ್ಯಾಖ್ಯೆ. ತಿರುಗುವ ಬಿಲ್ಲೆಯನ್ನು ಎರಡು ಹಲಗೆಗಳು ಇಕ್ಕೆಲಗಳಿಂದ ಅವುಚಿ, ಅದರ ಚಲನಾಹಂಕಾರವನ್ನು ಶಾಖರೂಪದಲ್ಲಿ ವಿಸರ್ಜಿಸುವ ಪ್ರಕ್ರಿಯೆಯೇ ಚಕ್ರನಿಗ್ರಹ. ಲೌಕಿಕರು ಇದನ್ನು ಬ್ರೇಕ್ ಹಾಕುವುದು ಎನ್ನುತ್ತಾರೆ.

2. ಪೂರ್ವಸೂರಿಗಳು

ಈ ದರ್ಶನದ ಆದ್ಯರಲ್ಲೊಬ್ಬರು ಇದೇ ಊರಿನಲ್ಲಿ ಕಾರು ಕಟ್ಟಿದ ಫ್ರೆಡರಿಕ್ ಲ್ಯಾಂಚೆಸ್ಟರ್. ಡಿಸ್ಕ್ ಬ್ರೇಕಿಗೆ 1902ರಲ್ಲೇ ಪೇಟೆಂಟ್ ಪಡೆದರು. ಅವರ ಪ್ಯಾಡುಗಳು, ಅಂದರೆ ಅವುಚುವ ಹಲಗೆಗಳು, ತಾಮ್ರದವು. ಲೋಹಕ್ಕೆ ಲೋಹ ಉಜ್ಜಿ ಕಿರ್ರೆಂದು ಕಿರುಚುತ್ತಿತ್ತು. 1953ರ ಲೆ ಮಾನ್ ಕಾರು ಪಂದ್ಯವನ್ನು ಜಾಗ್ವಾರ್ ಡಿಸ್ಕ್ ಬ್ರೇಕಿನ ಬಲದಿಂದ ಗೆದ್ದ ಮೇಲೆ ಜಗತ್ತು ಇದನ್ನು ನಂಬಿತು. ಲ್ಯಾಂಚೆಸ್ಟರರ ಕಿರುಚು ಪರಂಪರೆಯನ್ನು ನನ್ನ ಕಾರಿನ ಹಿಂದಿನ ಎಡ ಚಕ್ರ ಹೋದ ಚಳಿಗಾಲದಿಂದ ಶ್ರದ್ಧೆಯಿಂದ ಮುಂದುವರಿಸಿಕೊಂಡು ಬಂದಿತ್ತು.

ಗ್ಯಾರೇಜೊಂದಕ್ಕೆ ಒಯ್ದೆ. ನಿಲುಗಡೆ ವ್ಯವಸ್ಥೆಯ ಸಮಗ್ರತೆಗೆ ಧಕ್ಕೆಯಾಗಿರುವ ಬಗ್ಗೆ ಎರಡು ಪುಟದ ವರದಿ ಕೊಟ್ಟರು. ‘ಪ್ಯಾಡ್ ಸವೆದಿದೆ’ ಎಂಬ ಎರಡು ಪದ ಅದರಲ್ಲೆಲ್ಲೂ ಇರಲಿಲ್ಲ. ದುಡ್ಡಿನ ಅಂಕಿ ಮಾತ್ರ ಸ್ಫುಟವಾಗಿತ್ತು. ನಾನೇ ಮಾಡುತ್ತೇನೆಂದು ವಾಪಸು ಬಂದೆ.

3. ಬೋಲ್ಟುಗಳ ಪಂಚವಿಧ ವರ್ಗೀಕರಣ

ಅ) ಸ್ವಯಂಮುಕ್ತ: ಸ್ಪ್ಯಾನರ್ ತೋರಿಸಿದರೆ ಸಾಕು, ಬರುತ್ತದೆ. ಬಂದಾಗ ಹೆದರಬೇಕು.
ಆ) ಅನುನಯಸಾಧ್ಯ: ಹಿಂದಿನ ರಾತ್ರಿಯೇ ಎಣ್ಣೆ ಬಿಟ್ಟು ಬೆಳಗ್ಗೆ ಒಳ್ಳೆಯ ಮಾತಾಡಿದರೆ ಬರುತ್ತದೆ.
ಇ) ಹಠಯೋಗಿ: ಸ್ಪ್ಯಾನರಿಗೆ ಉದ್ದನೆಯ ಪೈಪು ಸಿಕ್ಕಿಸಿ ಜೋತುಬಿದ್ದರೂ ಸಮಾಧಿಯಿಂದ ಏಳುವುದಿಲ್ಲ.
ಈ) ಸಾಕು ಬಿಡಿ. ನಾಲ್ಕನೆಯದೂ ಐದನೆಯದೂ ತುಕ್ಕೇ.

ಚಳಿಗಾಲದಲ್ಲಿ ಇಲ್ಲಿ ರಸ್ತೆ ಹೆಪ್ಪುಗಟ್ಟದಿರಲೆಂದು ಉಪ್ಪು ಎರಚುತ್ತಾರೆ. ಉಪ್ಪು ತಿಂದವನು ನೀರು ಕುಡಿಯಲೇಬೇಕಲ್ಲ, ಕಾರೂ ಕುಡಿಯುತ್ತದೆ. ಡಿಸ್ಕ್ ಚಕ್ರದ ಹಬ್ಬಿಗೆ ಕಚ್ಚಿಕೊಂಡು ಕೂತಿತ್ತು. ಅರ್ಧ ಗಂಟೆ ಸುತ್ತಿಗೆಯಲ್ಲಿ ಬಡಿದ ಮೇಲೆ ಡಿಸ್ಕಿನಲ್ಲೇ ಎರಡು ತಿರುಪಿನ ತೂತು ಕಂಡವು. ಅವಕ್ಕೆ ಎರಡು ಬೋಲ್ಟು ಹಾಕಿ ಒಂದಾದ ಮೇಲೊಂದನ್ನು ಸ್ವಲ್ಪಸ್ವಲ್ಪವೇ ಬಿಗಿಸಿದರೆ ಡಿಸ್ಕ್ ತಾನಾಗಿ ಈಚೆ ಬರುತ್ತದೆ. ಬಂತು.

4. ವಿಲೋಮ ಸಿದ್ಧಾಂತ

ರಿಪೇರಿ ಕೈಪಿಡಿಗಳು ಬಿಚ್ಚುವುದನ್ನು ಪುಟಗಟ್ಟಲೆ ವಿವರಿಸಿ, ಜೋಡಿಸುವಾಗ ಅದನ್ನೇ ತಿರುಗುಮುರುಗಾಗಿ ಮಾಡಿ ಎಂದು ಕೈತೊಳೆದುಕೊಳ್ಳುತ್ತವೆ. ಈ ತರ್ಕದಂತೆ ಕಡೆಗೋಲನ್ನು ಹಿಂದಕ್ಕೆ ತಿರುಗಿಸಿದರೆ ಬೆಣ್ಣೆ ಮತ್ತೆ ಮೊಸರಾಗಬೇಕು.

ಹೊಸ ಪ್ಯಾಡು ದಪ್ಪ. ಪ್ಯಾಡನ್ನು ಡಿಸ್ಕಿಗೆ ಒತ್ತುವ ಪಿಸ್ಟನ್ ಒಳಗೆ ಸರಿಯದೆ ಅದು ಕೂರುವುದಿಲ್ಲ. ಮುಂದಿನದು ಕ್ಲ್ಯಾಂಪಿಗೆ ಬಗ್ಗಿತು. ಹಿಂದಿನದು ಜಪ್ಪಯ್ಯ ಅನ್ನಲಿಲ್ಲ. ಬೇಲಿಯಾಚೆ ಟೀ ಹಿಡಿದು ನೋಡುತ್ತಿದ್ದ ಮುದುಕರು, 2005ರಲ್ಲಿ ಮುಚ್ಚಿಹೋದ ಲಾಂಗ್‌ಬ್ರಿಜ್ ಕಾರು ಕಾರ್ಖಾನೆಯಲ್ಲಿ ದುಡಿದವರು, ‘ನೂಕಬೇಡ, ತಿರುಗಿಸು’ ಎಂದರು. ಹ್ಯಾಂಡ್ ಬ್ರೇಕಿನ ಕೊಂಡಿ ಆ ಪಿಸ್ಟನ್ನಿಗೇ ಇದೆ. ಪಿಸ್ಟನ್ನಿನ ಮನೆಯಾದ ಕ್ಯಾಲಿಪರಿನ ಬೆನ್ನಿನಲ್ಲಿರುವ ಮುಚ್ಚಳದ ಬೋಲ್ಟು ತೆಗೆದು, ಒಳಗೆ 4 ಮಿಲಿಮೀಟರ್ ಅಲೆನ್ ಕೀ ಹಾಕಿ ಎಡಕ್ಕೆ ತಿರುಗಿಸಿದರೆ ಪಿಸ್ಟನ್ ಒಳಸರಿಯುತ್ತದೆ. ಪ್ಯಾಡ್ ಕೂರಿಸಿದ ಮೇಲೆ ಬಲಕ್ಕೆ, ತಡೆಯುವವರೆಗೆ. ಆಮೇಲೆ ಮೂರರಲ್ಲೊಂದು ಸುತ್ತು ಹಿಂದಕ್ಕೆ. ಇಷ್ಟು ಹೇಳಲು ಅವರಿಗೆ ಒಂದು ಗುಟುಕು ಟೀಯಷ್ಟು ಹೊತ್ತು ಸಾಕಾಯಿತು.

5. ನಿಷ್ಕರ್ಷೆ

ಎಲ್ಲ ಬಿಗಿದು ಕಾರನ್ನು ಹಿಂದಕ್ಕೆ ತೆಗೆದೆ. ಬ್ರೇಕ್ ತುಳಿದರೆ ಪೆಡಲು ನೆಲಕ್ಕೆ ಹೋಯಿತು. ಒಳಸರಿದ ಪಿಸ್ಟನ್ನುಗಳು ಇನ್ನೂ ಪ್ಯಾಡನ್ನು ಮುಟ್ಟಿರಲಿಲ್ಲ. ಹ್ಯಾಂಡ್ ಬ್ರೇಕ್ ನೆನಪಾಗುವಷ್ಟರಲ್ಲಿ ಗೇಟಿನ ಬಳಿಯ ಕಸದ ಡಬ್ಬಿ ಉರುಳಿತ್ತು. ಡಬ್ಬಿಯ ಜಾಗದಲ್ಲಿ ಪಕ್ಕದ ಮನೆಯ ಮಗು ನಿಂತಿದ್ದರೆ?

ಕೈಪಿಡಿ ತೆಗೆದು ನೋಡಿದೆ. ಪೆಡಲು ಗಟ್ಟಿಯಾಗುವವರೆಗೆ ಒತ್ತಬೇಕೆಂಬ ಮಾತು ಇತ್ತು, ತಿರುಗುಮುರುಗಿನ ಕೆಳಗೆ, ಒಂಬತ್ತನೆಯ ಸಾಲಿನಲ್ಲಿ. ಮೈಯೆಲ್ಲ ಉರಿಯಿತು. ಜೀವ ಉಳಿಸುವ ಮಾತನ್ನು ಹೀಗೆ ಮೂಲೆಗೆ ತಳ್ಳಿ ಯಾರಿಗಾಗಿ ಬರೆಯುತ್ತಾರೆ ಇವರು?

ಕೇಳುವ ಹಕ್ಕು ನನಗಿಲ್ಲ. ಈ ಊರಿಗೆ ಬರುವ ಮುಂಚೆ ಮೈಸೂರಿನಲ್ಲಿ ಹತ್ತು ವರ್ಷ ಇಂಥದೇ ಕನ್ನಡ ಬರೆದವನು ನಾನು. ರೈತರ ಬದುಕಿನ ಮೇಲಿನ ನನ್ನ ಪ್ರಬಂಧವನ್ನು ಹೊಲದಿಂದ ಬಂದ ಅಪ್ಪ ಎರಡು ಪುಟ ಓದಿ, ಕನ್ನಡಕ ತೆಗೆದಿಟ್ಟು, ‘ಕಣ್ಣು ಯಾಕೋ ಮಂಜು ಕಣಪ್ಪಾ’ ಅಂದಿದ್ದರು. ಅವರ ಕಣ್ಣಿಗೆ ಏನೂ ಆಗಿರಲಿಲ್ಲ.

ಈಗ ಕಾರುಗಳೂ ಹಾಗೇ. ಹಲವು ಕಾರುಗಳ ಹ್ಯಾಂಡ್ ಬ್ರೇಕ್ ವಿದ್ಯುತ್ತಿನದು. ಹಿಂದಿನ ಪ್ಯಾಡ್ ಬದಲಿಸಬೇಕೆಂದರೆ ಮೊದಲು ಕಂಪ್ಯೂಟರಿನ ಅಪ್ಪಣೆ ಪಡೆಯಬೇಕು. ಬೇಲಿಯಾಚೆಯ ಮುದುಕರು ಅದರ ಮುಂದೆ ಟೀ ಹಿಡಿದು ಸುಮ್ಮನೆ ನಿಲ್ಲಬೇಕಾಗುತ್ತದೆ.

ಆದ್ದರಿಂದ, ಓದುಗರೇ, ಮೇಲಿನದೆಲ್ಲ ಮರೆತರೂ ಚಿಂತೆಯಿಲ್ಲ. ಪ್ಯಾಡ್ ಬದಲಿಸಿದ ಮೇಲೆ, ಗಾಡಿ ಕದಲಿಸುವ ಮುಂಚೆ, ಬ್ರೇಕ್ ಪೆಡಲು ಗಟ್ಟಿಯಾಗುವವರೆಗೆ ತುಳಿಯಿರಿ.